*ಇಂದಿನ ಧಮ್ಮ ಚಿಂತನೆ: ಕತ್ತಲೆ ಕೋಣೆಯ ಸಂದಿಗಳು*



ಮಳೆಗಾಲದಲ್ಲಿ ದೇವರಮನೆ ಗುಡ್ಡಕ್ಕೆ ಮಂಜು ಕವಿದರೆ ಮಧ್ಯಾಹ್ನವೇ ದೀಪ ಹಾಕಬೇಕು. ಅಂಥ ದಿನ ಹಂಚಿನ ಮನೆಯ ಒಂದು ಕೋಣೆಗೆ ಕಪ್ಪು ಬಟ್ಟೆ ಕಟ್ಟಿ ಒಳಗೆ ನಿಂತರೆ ಪೂರಾ ಕತ್ತಲೆ ಅನ್ನಿಸುತ್ತದೆ. ಫೋಟೋ ತೊಳೆಯಲು ಇಷ್ಟು ಸಾಕು ಎಂದುಕೊಂಡರೆ ಮೋಸ. ಅದು ಕೋಣೆಯ ಕತ್ತಲೆಯಲ್ಲ, ಹೊರಗಿನ ಮೋಡದ್ದು. ಮಾಘದ ಬಿಸಿಲಿಗೆ ಅದೇ ಕೋಣೆ ಜರಡಿಯಾಗಿರುತ್ತದೆ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ಅಲೆದದ್ದು ನಮಗೆಲ್ಲ ಗೊತ್ತು. ಅದು ಫಿಲ್ಮಿನ ಕಾಲ, ಒಂದು ರೋಲಿಗೆ ಹೆಚ್ಚೆಂದರೆ 36 ಚಿತ್ರ. ಯಾರೇ ಆಗಲಿ, ದಿನಗಟ್ಟಲೆ ಕಾದು ಹಿಡಿದ ಹಕ್ಕಿ ಬಾಗಿಲ ಸಂದಿಯ ಒಂದು ಗೆರೆ ಬೆಳಕಿಗೆ ಹೋಗಿಬಿಡಬಹುದಿತ್ತು. ಹೋದದ್ದು ಆ ಕ್ಷಣ ತಿಳಿಯುವುದೂ ಇಲ್ಲ. ಡೆವಲಪರ್ ದ್ರಾವಣಕ್ಕೆ ಇಳಿಸಿದ ಮೇಲೇ ಗೊತ್ತಾಗುವುದು.

ಹಾಗಾಗಿ ಬಲ್ಲವರು ನಡುಹಗಲ ಬಿಸಿಲಿನಲ್ಲೇ ಬಾಗಿಲು ಹಾಕಿಕೊಂಡು ಒಳಗೆ ಸುಮ್ಮನೆ ಕೂರುತ್ತಾರೆ. ಮೊದಲ ಐದು ನಿಮಿಷ ಏನೂ ಕಾಣದು. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಆಮೇಲೆ ಒಂದೊಂದಾಗಿ ಕಾಣತೊಡಗುತ್ತವೆ: ಹೊಸ್ತಿಲ ಮೇಲಿನ ಗೆರೆ, ಬೀಗದ ಕಿಂಡಿ, ಹಂಚು ಜರುಗಿದ ಜಾಗ. (ಈಗಿನವರಾದರೆ ಜೇಬಿನ ಮೊಬೈಲನ್ನೂ ಸೇರಿಸಿಕೊಳ್ಳಬೇಕು!) ಕೂತ ಐದು ನಿಮಿಷಕ್ಕೇ ಮನಸ್ಸು ಶಾಂತವಾಯಿತು ಎಂದು ಏಳುವವರು ಇದನ್ನು ಗಮನಿಸಬೇಕು. ಶಿಬಿರದ ಮೌನದಲ್ಲಿ ಕಂಡ ಶಾಂತಿಯೂ ಒಮ್ಮೊಮ್ಮೆ ಮೋಡದ ಕತ್ತಲೆಯೇ. ಅದರ ಪರೀಕ್ಷೆ ಆಗುವುದು ಸಂತೆಯಲ್ಲಿ, ಕಾಫಿ ಕೊಯ್ಲಿನ ಕೂಲಿ ಲೆಕ್ಕ ಮಾಡುವಾಗ.

ಕಣ್ಣಿಗೂ ಸಿಗದ ಬೆಳಕು ಇರುತ್ತದೆ. ಅದಕ್ಕೆ ನಾಣ್ಯದ ಪರೀಕ್ಷೆ. ಬ್ರೋಮೈಡ್ ಪೇಪರಿನ ಮೇಲೆ ನಾಣ್ಯ ಇಟ್ಟು ಆರೇಳು ನಿಮಿಷ ಬಿಟ್ಟು ತೊಳೆದರೆ, ಸುತ್ತಲೂ ಮಾಸಿ ನಾಣ್ಯದ ಜಾಗ ಮಾತ್ರ ಬೆಳ್ಳಗೆ ಉಳಿದರೆ ಬೆಳಕು ಸೋರಿದೆ ಎಂದರ್ಥ. ಆದರೆ ಖಾಲಿ ಪೇಪರ್ ಸುಳ್ಳು ಹೇಳಬಲ್ಲದು. ತೀರಾ ಮಂದ ಬೆಳಕು ತಾನೊಂದೇ ಅದನ್ನು ಮಾಸಿಸಲಾರದು; ಚಿತ್ರದ ಬೆಳಕು ಬಿದ್ದ ಪೇಪರಾದರೆ ಅದರ ಜೊತೆ ಕೂಡಿ ಬಿಳಿಯ ಭಾಗವನ್ನೆಲ್ಲ ಬೂದಿ ಮಾಡುತ್ತದೆ. ಆದ್ದರಿಂದ ಪೇಪರಿಗೆ ಮೊದಲೇ ಎನ್‌ಲಾರ್ಜರಿನಿಂದ ತೆಳು ಬೂದು ಬರುವಷ್ಟು ಬೆಳಕು ಕೊಟ್ಟು ಆಮೇಲೆ ನಾಣ್ಯ ಇಡಬೇಕು. ಕೆಂಪು ದೀಪ ಆರಿಸಿ ಒಮ್ಮೆ, ಉರಿಸಿ ಒಮ್ಮೆ ಮಾಡಿದರೆ ತಪ್ಪು ಕೋಣೆಯದೋ ದೀಪದ್ದೋ ತಿಳಿಯುತ್ತದೆ. ಪಾಲಿಯಲ್ಲಿ 'ಅನುಸಯ' ಎನ್ನುವುದು ಇಂಥದನ್ನೇ: ಒಳಗೆ ಮಲಗಿದ್ದು, ಹೊರಗಿನ ಕಾರಣ ಕೂಡಿದಾಗ ಏಳುವ ಸಿಟ್ಟು, ಆಸೆ.

ಹಾಗಂತ ಎಲ್ಲ ಕಿಂಡಿ ಮುಚ್ಚಿದರೆ ರಾಸಾಯನಿಕದ ವಾಸನೆಗೆ ಉಸಿರು ಕಟ್ಟುತ್ತದೆ. ಗಾಳಿಗೆ ದಾರಿ ಬೇಕೇ ಬೇಕು. ಒಳಗೆ ಕಪ್ಪು ಬಳಿದು, ಎರಡು ಮೂರು ತಿರುವು ಕೊಟ್ಟ ಪೆಟ್ಟಿಗೆಯನ್ನು ಗೋಡೆಗೆ ಕೂರಿಸುತ್ತಾರೆ. ಗಾಳಿ ತಿರುಗಿ ತಿರುಗಿ ಬರುತ್ತದೆ, ಬೆಳಕು ಕಪ್ಪು ಗೋಡೆಗೆ ಬಡಿದು ಅಲ್ಲೇ ಸಾಯುತ್ತದೆ. ಸಂಯುತ್ತ ನಿಕಾಯದ ಕಿಂಸುಕ ಸುತ್ತದಲ್ಲಿ ಭಗವಾನರು ಆರು ಬಾಗಿಲಿನ ಊರೊಂದರ ಹೋಲಿಕೆ ಕೊಡುತ್ತಾರೆ. ಅಲ್ಲಿ ದ್ವಾರಪಾಲಕನೇ ಸತಿ, ಅಂದರೆ ಎಚ್ಚರ. ಅವನು ಬಾಗಿಲಿಗೆ ಗೋಡೆ ಕಟ್ಟುವುದಿಲ್ಲ. ಗೊತ್ತಿರುವವರನ್ನು ಬಿಡುತ್ತಾನೆ, ಗೊತ್ತಿಲ್ಲದವರನ್ನು ತಡೆಯುತ್ತಾನೆ.

*ಇಂದಿನ ಅಭ್ಯಾಸ:* ಅರ್ಧ ಗಂಟೆ ಕೂರಿ. ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು, ಈ ಆರರಲ್ಲಿ ಯಾವುದರಿಂದ ಏನು ಸೋರಿತು ಎಂದು ಗುರುತಿಸಿದರೆ ಸಾಕು, ಇವತ್ತೇ ಮುಚ್ಚಲು ಹೋಗಬೇಡಿ. ಸಂಜೆ ಗುಂಪಿನಲ್ಲಿ ಎರಡು ಸಾಲು ಬರೆಯಿರಿ.