ಪೆನ್ನು ಬೇಡ, ಹೊತ್ತು ಕೊಡು

ದೀಪಾವಳಿಗೆ ಹೆಂಡತಿಗೆ ಏನು ಕೊಡಲಿ ದೊಡ್ಡಮ್ಮಾ ಎಂದು ಕೇಳಿದ್ದೀಯ. ಕಥೆ ಬರೆಯುವವಳಲ್ಲವೇ, ಅವಳಿಗೆ ಸೀರೆ ಒಡವೆ ಹಿಡಿಸಲಿಕ್ಕಿಲ್ಲ, ಬೇರೆ ಏನಾದರೂ ಆಗಬೇಕು ಎಂಬುದು ನಿನ್ನ ಲೆಕ್ಕಾಚಾರ. ಸೀರೆ ಬೇಡವೆಂದು ನಿನಗೆ ಯಾರು ಹೇಳಿದರೋ ಕಾಣೆ. ಕಥೆಗಾರ್ತಿಯರೂ ಸೀರೆ ಉಡುತ್ತಾರೆ ಕಣೋ. ಮೊದಲು ಅದನ್ನು ತಂದಿಡು. ಬರವಣಿಗೆಗೆ ಒದಗುವ ಉಡುಗೊರೆ ಯಾವುದು ಎಂಬುದನ್ನು ಆಮೇಲೆ ನೋಡೋಣ.

ಬರೆಯುವವರಿಗೆ ಕೊಡುವುದು ಎಂದ ಕೂಡಲೇ ಜನರ ಕಾಲು ಪೆನ್ನಿನಂಗಡಿಗೆ ಎಳೆಯುತ್ತದೆ. ಮಖಮಲ್ಲಿನ ಡಬ್ಬಿ, ಅದರೊಳಗೆ ಮಿರಮಿರ ಮಿಂಚುವ ಪೆನ್ನು. ತರಬೇಡ. ನನ್ನ ಬೀರುವಿನಲ್ಲಿ ಅಂಥ ಡಬ್ಬಿಗಳು ಸಾಲಾಗಿ ಕೂತಿವೆ. ಕಥೆ ಬರೆದದ್ದೆಲ್ಲ ಹತ್ತು ರೂಪಾಯಿಯ ಬಾಲ್‌ಪೆನ್ನಿನಲ್ಲಿ. ಚಿನ್ನದಂಚಿನ ಡೈರಿಯ ಪಾಡೂ ಅಷ್ಟೇ. ಕಥೆ ಬರೆಯುವುದೆಂದರೆ ಅರ್ಧಕ್ಕರ್ಧ ಹೊಡೆದುಹಾಕುವ ಕೆಲಸ. ಅಂಥ ನುಣುಪು ಹಾಳೆಯ ಮೇಲೆ ಗೀಟು ಎಳೆಯಲು ಕೈ ಬಾರದೆ, ಮೊದಲ ಪುಟದಲ್ಲಿ ಹೆಸರು ಬರೆದು ಎತ್ತಿಡುತ್ತಾರೆ. ಅದರ ಬದಲು ನಿನ್ನ ಆಫೀಸಿನಲ್ಲಿ ಒಂದು ಮಗ್ಗುಲು ಮಾತ್ರ ಅಚ್ಚಾಗಿ ರದ್ದಿಗೆ ಹೋಗುವ ಹಾಳೆಗಳನ್ನು, ಕೇಳಿಕೊಂಡೇ, ಒಂದು ಕಟ್ಟು ತಂದುಕೊಡು. ಅದರ ಮೇಲೆ ಎಷ್ಟು ಗೀಚಿದರೂ ಯಾರೂ ಕೇಳುವುದಿಲ್ಲ.

ಇನ್ನು ಫಲಕ, ಶಾಲು, ಗಂಧದ ಹಾರ. ಇವಕ್ಕಂತೂ ನಮ್ಮಲ್ಲಿ ಬರವಿಲ್ಲ. ನಾಲ್ಕು ಕಥೆ ಪ್ರಕಟವಾದರೆ ಸಾಕು, ಯಾವುದಾದರೂ ಸಂಘದವರು ಕರೆದು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಕಳಿಸುತ್ತಾರೆ. ಇದು ಅತಿಯಾಯಿತೆಂದೋ ಏನೋ, 2021ರಲ್ಲಿ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದಿತು. ಮನೆಯೊಳಗೂ ಆ ಸುತ್ತೋಲೆ ಜಾರಿಯಾಗಲಿ.

ಹಾಗಾದರೆ ಕೊಡಬೇಕಾದ್ದೇನು? ಹೊತ್ತು. ಕಥೆಗಾರರಿಗೆ ಸದಾ ಕೊರತೆ ಬೀಳುವುದು ಅದೊಂದೇ. ಇದಕ್ಕೆ ಅಮೆರಿಕದ ಒಂದು ನಿಜ ಸಂಗತಿ ಹೇಳುತ್ತೇನೆ ಕೇಳು. ಹಾರ್ಪರ್ ಲೀ ಎಂಬಾಕೆ ಅಲಬಾಮಾದ ಸಣ್ಣ ಊರಿನಿಂದ ನ್ಯೂಯಾರ್ಕಿಗೆ ಬಂದು, ವಿಮಾನ ಸಂಸ್ಥೆಯಲ್ಲಿ ಟಿಕೆಟ್ ಕಾದಿರಿಸುವ ಕೆಲಸ ಮಾಡಿಕೊಂಡಿದ್ದಳು. ಬರೆಯುವುದೇನಿದ್ದರೂ ಕೆಲಸ ಮುಗಿದ ಮೇಲೆ, ಮಿಕ್ಕ ಹೊತ್ತಿನಲ್ಲಿ. 1956ರ ಕ್ರಿಸ್‌ಮಸ್‌ಗೆ ಊರಿಗೆ ಹೋಗುವಷ್ಟು ರಜೆ ಸಿಗದೆ ಗೆಳೆಯರಾದ ಮೈಕೆಲ್ ಬ್ರೌನ್ ಮತ್ತು ಜಾಯ್ ಬ್ರೌನ್ ದಂಪತಿಯ ಮನೆಯಲ್ಲೇ ಹಬ್ಬ ಮಾಡಿದಳು. ಎಲ್ಲರೂ ಉಡುಗೊರೆ ಬಿಚ್ಚಿ ಮುಗಿದರೂ ಅವಳ ಪಾಲಿಗೆ ಏನೂ ಇರಲಿಲ್ಲ. ಮರದ ಮೇಲೆ ನೋಡು ಎಂದರು. ಅಲ್ಲಿ ಅವಳ ಹೆಸರಿನ ಒಂದು ಲಕೋಟೆ. ಒಂದು ವರ್ಷ ಕೆಲಸ ಬಿಡು, ನಿನಗೆ ಬೇಕಾದ್ದನ್ನು ಬರೆ, ಖರ್ಚು ನಮ್ಮದು ಎಂಬ ಅರ್ಥದ ಚೀಟಿ ಅದರೊಳಗಿತ್ತು. ಆ ದಂಪತಿಗೇನೂ ಕೊಪ್ಪರಿಗೆ ಹಣವಿರಲಿಲ್ಲ. ಮೈಕೆಲ್ ಹಾಡು ಬರೆಯುವವನು. ಆ ವರ್ಷ ಕೈಗೆ ನಾಲ್ಕು ಕಾಸು ಹೆಚ್ಚು ಬಂದಿತ್ತು, ಅಷ್ಟೇ.

ಆ ಹೊತ್ತಿನಲ್ಲಿ ಹುಟ್ಟಿದ್ದೇ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ. ಆದರೆ ಕಥೆಯ ಈ ಭಾಗವನ್ನೂ ನೆನಪಿಡು: ವರ್ಷ ಕಳೆದ ಕೂಡಲೇ ಪುಸ್ತಕ ಕೈಗೆ ಬರಲಿಲ್ಲ. ಹಸ್ತಪ್ರತಿ ಪ್ರಕಾಶಕರಿಗೆ ಹೋದ ಮೇಲೆ ಸಂಪಾದಕಿ ಟೇ ಹೋಹಾಫ್ ಅದನ್ನು ಮತ್ತೆ ಮತ್ತೆ ತಿದ್ದಿಸಿದಳು. ಅಚ್ಚಾದದ್ದು 1960ರಲ್ಲಿ, ಪುಲಿಟ್ಜರ್ ಬಹುಮಾನ ಬಂದದ್ದು 1961ರಲ್ಲಿ. ಹೊತ್ತು ಕೊಟ್ಟವರು ವಾರಕ್ಕೊಮ್ಮೆ “ಎಲ್ಲಿಗೆ ಬಂತು, ಮುಗೀತಾ?” ಎಂದು ಕೇಳುತ್ತಾ ಕೂರಬಾರದು.

ಒಂದು ವರ್ಷದ ಸಂಬಳ ನಿನ್ನಿಂದ ಆಗದು, ನನಗೆ ಗೊತ್ತು. ದಿನಕ್ಕೆ ಎರಡು ಗಂಟೆ ಆಗುತ್ತದೆ. ಆದರೆ ಆ ಎರಡು ಗಂಟೆ ಅಪ್ಪಟ ಎರಡು ಗಂಟೆಯಾಗಿರಬೇಕು. ಅವಳು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಕುಕ್ಕರಿನ ಸೀಟಿ ಎಣಿಸುವವನು ನೀನು. ಗ್ಯಾಸ್ ಸಿಲಿಂಡರಿನವನು ಬಂದರೆ ಓಟಿಪಿ ಹೇಳುವವನು ನೀನು. ಮಗು ಅಮ್ಮ ಬೇಕೆಂದು ರಚ್ಚೆ ಹಿಡಿದರೆ ಎತ್ತಿಕೊಂಡು ಬೀದಿ ಸುತ್ತಿಸುವವನೂ ನೀನೇ. “ಜೀರಿಗೆ ಡಬ್ಬಿ ಎಲ್ಲಿದೆ?” ಎಂದು ಬಾಗಿಲ ಸಂದಿನಿಂದ ಒಂದೇ ಒಂದು ಮಾತು ಕೇಳಿದೆ ಅಂದುಕೋ, ಅವಳು ಕೂತಲ್ಲಿಂದಲೇ “ಎರಡನೇ ಅರೆಯಲ್ಲಿ, ಸಾಸಿವೆಯ ಪಕ್ಕ” ಎನ್ನುತ್ತಾಳೆ. ಅಷ್ಟರಲ್ಲಿ ಅವಳ ಕಥೆಯ ಹೆಂಗಸು ಆಡಬೇಕಿದ್ದ ಮಾತು ಮರೆತುಹೋಗಿರುತ್ತದೆ. ಜೀರಿಗೆ ಸಿಗದಿದ್ದರೆ ಜೀರಿಗೆ ಇಲ್ಲದ ಸಾರು ಉಣ್ಣಿ.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲೇ ಇದನ್ನು ಪುಸ್ತಕ ಮಾಡಿ ಹೇಳಿದಳು: ಹೆಣ್ಣು ಕಥೆ ಬರೆಯಬೇಕಾದರೆ ತನ್ನದೇ ಒಂದು ಕೋಣೆ ಬೇಕು, ವರ್ಷಕ್ಕೆ ಐನೂರು ಪೌಂಡ್ ಬೇಕು ಎಂದು. ನಮ್ಮ ಎಂ.ಕೆ. ಇಂದಿರಾ ಅವರನ್ನು ನೋಡು. ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತೈದು ದಾಟಿತ್ತು. ಬರೆಯಲು ತೊಡಗಿದ ಮೇಲೆ ರಾಶಿ ರಾಶಿ ಬರೆದರು. ನಿನ್ನ ಹೆಂಡತಿ ನಲವತ್ತೈದರವರೆಗೆ ಕಾಯಬೇಕಾಗಿಲ್ಲ, ನೀನು ಮನಸ್ಸು ಮಾಡಿದರೆ.

ಇನ್ನೊಂದು ಗುಟ್ಟು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಯ ಗಡುವು ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಮುಗಿದಿರುತ್ತದೆ. ಎಣ್ಣೆನೀರು, ಕಜ್ಜಾಯ, ನೆಂಟರಿಷ್ಟರ ಗಲಾಟೆಯಲ್ಲಿ ಅವಳಂತೂ ಬರೆಯಲಾರಳು. ಆದ್ದರಿಂದ ಈ ಹಬ್ಬಕ್ಕೆ ಮಾತು ಕೊಡು. ಕೊಟ್ಟ ಮಾತನ್ನು ಮುಂದಿನ ಯುಗಾದಿಯಿಂದ ಶ್ರಾವಣದವರೆಗೆ ನಡೆಸಿಕೊಡು. ಕಥೆ ತಿದ್ದಿ ಕಳಿಸುವವರಿಗೆ ಹೊತ್ತು ಬೇಕಾಗುವುದು ಆಗ.

ಎರಡನೆಯ ಉಡುಗೊರೆ ನಿನ್ನ ಕಿವಿ. ಅವಳು ಬರೆದದ್ದನ್ನು ಓದಿ ಹೇಳಿದಾಗ ಮೊಬೈಲು ಬೋರಲು ಹಾಕಿ ಕೇಳು. “ಚೆನ್ನಾಗಿದೆ” ಎಂದು ಎದ್ದುಹೋಗಬೇಡ, ಅದರಿಂದ ಅವಳಿಗೆ ಮೂರು ಕಾಸಿನ ಉಪಯೋಗವಿಲ್ಲ. ಎಲ್ಲಿ ನಿನಗೆ ಆಕಳಿಕೆ ಬಂತು, ಯಾವ ಪಾತ್ರ ಯಾರೆಂದು ಗೊಂದಲವಾಯಿತು, ಯಾವ ಮಾತು ಆ ವಯಸ್ಸಿನವರು ಆಡುವಂಥದ್ದಲ್ಲ ಅನ್ನಿಸಿತು, ಅದನ್ನು ಹೇಳು. ತಿದ್ದುವುದು ಹೇಗೆಂದು ನೀನು ಹೇಳಿಕೊಡಬೇಡ, ಅದು ಅವಳ ಕೆಲಸ. ಮುಖ್ಯವಾಗಿ, “ಈ ಕಥೆಯಲ್ಲಿ ಬರುವ ಗಂಡ ನಾನೇನಾ?” ಎಂದು ಕೇಳಬೇಡ. ನಿಮ್ಮ ತಾಯಿಯೂ “ಆ ಅತ್ತೆ ಯಾರು?” ಎಂದು ಕೇಳದ ಹಾಗೆ ನೋಡಿಕೋ. ಮನೆಯವರು ಏನಂದುಕೊಂಡಾರು ಎಂಬ ಅಳುಕು ಬಂದರೆ ಕಥೆಯಲ್ಲಿ ಎಲ್ಲರೂ ಒಳ್ಳೆಯವರೇ ಆಗಿಬಿಡುತ್ತಾರೆ. ಎಲ್ಲರೂ ಒಳ್ಳೆಯವರಾದರೆ ಕಥೆ ಎಲ್ಲಿಂದ ಬರಬೇಕು?

ಮೂರನೆಯದು ಸರಕು. “ನನ್ನ ಬಾಳೇ ಒಂದು ಕಾದಂಬರಿ, ಬರಿ” ಎಂದು ಕಥೆಯನ್ನು ದಾನ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದು ಬೇಡ. ಅಟ್ಟದ ಮೇಲೆ ನಿಮ್ಮ ಅಜ್ಜನ ಕಬ್ಬಿಣದ ಟ್ರಂಕು ಇದೆಯಲ್ಲ, ಅದನ್ನು ಇಳಿಸಿ, ಧೂಳು ಕೊಡವಿ, ಅವಳ ಮುಂದಿಡು. ಅದರಲ್ಲಿ ಹಳೆಯ ಪಂಚಾಂಗಗಳಿವೆ. ಅಂಚಿನಲ್ಲಿ ನಿಮ್ಮಜ್ಜ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ, ಹಸು ಗಬ್ಬ ಕಟ್ಟಿದ ದಿನ, ಕೈಗಡ ಕೊಟ್ಟ ಎರಡು ರೂಪಾಯಿ, ಎಲ್ಲ ಬರೆದಿದ್ದಾರೆ. ಒಂದು ಪುಟದಲ್ಲಿ ಯಾರದೋ ಹೆಸರು ಬರೆದು ಓದಲಾಗದಂತೆ ಗೀಚಿದ್ದಾರೆ. ಆ ಗೀಚು ಕಥೆಗಾರರ ಕೈಗೆ ಸಿಕ್ಕರೆ ಅವರಿಗೆ ನಿದ್ದೆ ಬರುವುದಿಲ್ಲ. ಹಾಗೆಯೇ ಮನೆಯ ಹಿರಿಯರ ಜೊತೆ ಅವಳು ಒಂದು ಮಧ್ಯಾಹ್ನ ಪುರಸತ್ತಾಗಿ ಕೂರುವಂತೆ ಮಾಡು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಹುಟ್ಟಿದ್ದು ಮನೆಯ ಹಿರಿಯರ ಬಾಯಲ್ಲಿ ಕೇಳಿದ ನಿಜವಾದ ಬದುಕಿನಿಂದಲೇ.

ಪುಸ್ತಕ ಕೊಡುವುದಾದರೆ ಕೇಳಿ ಕೊಡು. ಕಥೆ ಬರೆಯುವುದು ಹೇಗೆ ಎಂಬ ಪುಸ್ತಕ ಬೇಡ, ಅದು ಟೀಕೆಯಂತೆ ಕಾಣುತ್ತದೆ. ಅವಳನ್ನು ಗಾಂಧಿ ಬಜಾರಿನ ಅಂಕಿತ ಪುಸ್ತಕಕ್ಕೋ, ನಿಮ್ಮೂರಿನ ಯಾವುದಾದರೂ ಪುಸ್ತಕದಂಗಡಿಗೋ ಕರೆದುಕೊಂಡು ಹೋಗಿ, ಇಂತಿಷ್ಟು ಹಣ ಕೈಗೆ ಕೊಟ್ಟು, ನೀನು ಹೊರಗೆ ಕಾಫಿ ಕುಡಿಯುತ್ತಾ ಇರು, ಗಡಿಯಾರ ನೋಡಬೇಡ. ಇಲ್ಲವೇ 1968ರಿಂದ ಕಥೆಗೆ ಜಾಗ ಕೊಡುತ್ತ ಬಂದಿರುವ ‘ಮಯೂರ’ದಂಥ ಮಾಸಿಕಕ್ಕೆ ಚಂದಾ ಕಟ್ಟು. ತನ್ನ ಓರಗೆಯವರು ಏನು ಬರೆಯುತ್ತಿದ್ದಾರೆಂದು ತಿಂಗಳು ತಿಂಗಳು ತಿಳಿಯುತ್ತದೆ. ಕೈ ಸ್ವಲ್ಪ ಧಾರಾಳವಾಗಿದ್ದರೆ ನಿಘಂಟು ಕೊಡು. ಕಿಟೆಲ್ ಕೋಶ 1894ರದ್ದು. ಹಳೆಯ ಮನೆ, ಹಳೆಯ ಕಸುಬು ಕಥೆಯಲ್ಲಿ ಬಂದಾಗ ಇವತ್ತಿಗೂ ಕೈ ಹಿಡಿಯುತ್ತದೆ. ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ. ಅದನ್ನು ತರುವ ಮೊದಲು ಕಪಾಟಿನಲ್ಲಿ ಜಾಗ ಮಾಡು. ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ವಾದರೆ ಮಡಿಲಲ್ಲಿಟ್ಟು ಓದಬಹುದು.

ನಿನಗೆ ಕಂಪ್ಯೂಟರ್ ಬರುತ್ತದಲ್ಲ, ಅದೂ ಒಂದು ಉಡುಗೊರೆಯೇ. ಅವಳ ಹಳೆಯ ಕಥೆಗಳು ‘ನುಡಿ’ಯೋ ‘ಬರಹ’ವೋ ಯಾವುದೋ ತಂತ್ರಾಂಶದಲ್ಲಿ ಟೈಪಾಗಿ, ಇವತ್ತಿನ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿರಬೇಕು. ಒಂದು ಭಾನುವಾರ ಕೂತು ಅವನ್ನೆಲ್ಲ ಯೂನಿಕೋಡಿಗೆ ತಿರುಗಿಸು. ತಿರುಗಿಸುವಾಗ ಅರ್ಕಾವೊತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಸಾಲು ಸಾಲು ನೋಡಿ ಸರಿಪಡಿಸು. ಆಮೇಲೆ ಎರಡು ಕಡೆ ಪ್ರತಿ ತೆಗೆದಿಡು. ಲ್ಯಾಪ್‌ಟಾಪು ಕೆಟ್ಟು ಕಥೆ ಕಳೆದುಕೊಂಡವರ ಗೋಳು ಕೇಳುವ ಹಾಗಿಲ್ಲ.

ಕೊನೆಯದಾಗಿ, ಅವಳ ಸಂಕಲನ ಅಚ್ಚಾದ ದಿನ ನೀನೇ ಮೊದಲು ದುಡ್ಡು ಕೊಟ್ಟು ಕೊಳ್ಳು. ಗೃಹಪ್ರವೇಶ, ಮದುವೆ, ಆಫೀಸಿನವರ ವಿದಾಯ, ಎಲ್ಲಿಗೆ ಹೋದರೂ ಆ ಪುಸ್ತಕವನ್ನೇ ಮುಯ್ಯಿ ಮಾಡು. “ನಮಗೊಂದು ಗೌರವಪ್ರತಿ ಇಲ್ಲವಾ?” ಎಂದು ಕೇಳುವ ನೆಂಟರಿಗೆ ಬೆಲೆ ಎಷ್ಟೆಂದು ನಗುತ್ತಲೇ ಹೇಳು. ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದವರು. ನಿನ್ನ ಹೆಂಡತಿ ಅಷ್ಟು ದೂರ ಹೊರುವುದು ಬೇಡ, ಒಂದು ಕಟ್ಟು ನಿನ್ನ ಸ್ಕೂಟರಿನಲ್ಲಿರಲಿ.

ಇಷ್ಟನ್ನೂ ಒಂದೇ ಹಬ್ಬಕ್ಕೆ ಮಾಡಲು ಹೊರಡಬೇಡ, ಅವಳು ಗಾಬರಿಯಾದಾಳು. ಇವತ್ತು ಒಂದು ಕೆಲಸ ಮಾಡು: ದಿನದಲ್ಲಿ ಯಾವ ಎರಡು ಗಂಟೆ ನಿನಗೆ ಬೇಕು ಎಂದು ಅವಳನ್ನೇ ಕೇಳು. ಅವಳು ಹೇಳಿದ ಹೊತ್ತಿಗೆ ಅಡುಗೆಮನೆಗೆ ನೀನು ಹೋಗು.