ಖಾನಾವಳಿ ಎಲ್ಲಿದೆ ಎಂದು ಕೇಳಿ

ಬಾದಾಮಿ, ಐಹೊಳೆ ನೋಡಲು ಹೋದವರು ಅಲ್ಲಿಯೂ ಇಡ್ಲಿ-ಸಾಂಬಾರ್ ಹುಡುಕುವುದನ್ನು ಕಂಡರೆ ನನಗೆ ಸಂಕಟ. ಮಧ್ಯಾಹ್ನ ಖಾನಾವಳಿಗೆ ಹೋಗಿ. ಬಿಸಿ ರೊಟ್ಟಿಯೋ ಕಡಕ್ ರೊಟ್ಟಿಯೋ ಎಂದು ಕೇಳಿದರೆ, ಮೊದಲ ಸಲದವರು ಬಿಸಿಯದ್ದನ್ನೇ ಹೇಳಿ. ಆಗಷ್ಟೇ ಬಡಿದು ಬೇಯಿಸಿದ ಜೋಳದ ರೊಟ್ಟಿ ಮುರಿದು, ಬದನೆಕಾಯಿ ಎಣ್ಣೆಗಾಯಿಯ ಮಸಾಲೆಗೆ ಅದ್ದಿ ತಿನ್ನಬೇಕು; ಪಕ್ಕದಲ್ಲಿ ಗಟ್ಟಿ ಮೊಸರಿಗೆ ಕಲಸಿದ ಶೇಂಗಾ ಚಟ್ನಿಪುಡಿ, ಕಡಿಯಲು ಹಸಿ ಈರುಳ್ಳಿ. ಹುಳಿ ಇಷ್ಟಪಡುವವರು ಪುಂಡಿ ಪಲ್ಯ ಇದೆಯೇ ಎಂದು ವಿಚಾರಿಸಿ. ಖಾರ ನೆತ್ತಿಗೇರಿತೇ? ನೀರಿಗಿಂತ ಮಜ್ಜಿಗೆ ವಾಸಿ. ಕೊನೆಗೆ ಅನ್ನ-ಸಾರು ಬರುತ್ತದೆ, ಹೊಟ್ಟೆಯಲ್ಲಿ ಒಂಚೂರು ಜಾಗವಿರಲಿ.

ಸದ್ಯಕ್ಕೆ ಪ್ರವಾಸದ ಯೋಗವಿಲ್ಲವೇ? ಬೆಂಗಳೂರಿನಲ್ಲೂ ಉತ್ತರ ಕರ್ನಾಟಕದ ಖಾನಾವಳಿಗಳು ಬೇಕಾದಷ್ಟಿವೆ. ಈ ಭಾನುವಾರ ಗೋಬಿ ಮಂಚೂರಿಗೆ ರಜೆ ಕೊಟ್ಟು, ಮನೆಮಂದಿಯನ್ನೆಲ್ಲ ಅತ್ತ ಕರೆದುಕೊಂಡು ಹೋಗಿ.