ಅಡುಗೆಮನೆಯ ಗಾಳಿ, ಮಗುವಿನ ಉಸಿರು

ಅದು ಆಟಿ ತಿಂಗಳು. ಅಳದಂಗಡಿಯಲ್ಲಿ ಬಿಡದೆ ಮಳೆ. ನಮ್ಮ ನೆರೆಮನೆಯ ಅಕ್ಕನ ಮಗನಿಗೆ ಆರು ವರ್ಷ. ರಾತ್ರಿಯಾದರೆ ಅವನಿಗೆ ಕೆಮ್ಮು. ಎದೆಯಲ್ಲಿ ಸುಂಯ್ ಸುಂಯ್ ಶಬ್ದ. ಮಲಗಿದರೆ ಉಸಿರು ಸಿಗದು. ಕೂತೇ ಬೆಳಗು ಮಾಡುತ್ತಿದ್ದ.

ಆಸ್ಪತ್ರೆಗೆ ಕರೆದುಕೊಂಡು ಹೋದರು. "ಇದು ಆಸ್ತಮಾ" ಎಂದರು ಡಾಕ್ಟ್ರು. ನಾವು ದಮ್ಮು, ಉಬ್ಬಸ ಎನ್ನುತ್ತೇವಲ್ಲ, ಅದೇ. "ಮನೆಯಲ್ಲಿ ಹೊಗೆ ಉಂಟಾ?" ಎಂದೂ ಕೇಳಿದರು.

"ಇಲ್ಲ ಡಾಕ್ಟ್ರೇ, ನಮ್ಮದು ಗ್ಯಾಸ್" ಎಂದರು ಅಕ್ಕ.

ಮರುದಿನ ನಾನು ಅವರ ಅಡುಗೆಮನೆಗೆ ಹೋದೆ. ಗ್ಯಾಸ್ ಒಲೆ ಇತ್ತು, ನಿಜ. ಅದರಲ್ಲಿ ಚಹಾ, ದೋಸೆ, ಸಾರು. ಕುಚ್ಚಲಕ್ಕಿ ಮಾತ್ರ ಕಟ್ಟಿಗೆ ಒಲೆಯಲ್ಲಿ ಬೇಯುತ್ತಿತ್ತು.

"ಎಂಥ ಮಾಡುವುದು ಟೀಚರೇ? ಕುಚ್ಚಲಕ್ಕಿ ಬೇಗ ಬೇಯ್ತದಾ? ಗ್ಯಾಸಲ್ಲಿ ಇಟ್ಟರೆ ಸಿಲಿಂಡರ್ ಎಷ್ಟು ದಿನ ಬರ್ತದೆ?"

ಅವರ ಮಾತು ಸುಳ್ಳಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂತು. ಬಡವರ ಮನೆಗೂ ಗ್ಯಾಸ್ ಬಂತು. ಆದರೆ ಖಾಲಿಯಾದ ಸಿಲಿಂಡರಿಗೆ ದುಡ್ಡು ಬೇಕು. ತೋಟದ ಮಡಲಿಗೆ, ತೆಂಗಿನ ಸಿಪ್ಪೆಗೆ ದುಡ್ಡು ಬೇಡ. ಬೀಡಿ ಕಟ್ಟಿ ಸಂಸಾರ ನಡೆಸುವವರು ಲೆಕ್ಕ ಹಾಕಲೇಬೇಕು.

ಮಳೆಗಾಲದಲ್ಲಿ ಕಟ್ಟಿಗೆ ಒದ್ದೆ. ಉರಿ ಕಡಿಮೆ, ಹೊಗೆ ಹೆಚ್ಚು. ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಅವು ಉಸಿರಿನ ಜೊತೆ ಎದೆಯ ಆಳಕ್ಕೆ ಇಳಿಯುತ್ತವೆ. ಅಲ್ಲಿ ಗಾಳಿ ಹೋಗುವ ಸಣ್ಣ ಸಣ್ಣ ನಳಿಗೆಗಳಿವೆ. ದಮ್ಮು ಇರುವ ಮಗುವಿಗೆ ಹೊಗೆ ತಾಗಿದರೆ ಇವು ಊದಿಕೊಳ್ಳುತ್ತವೆ, ಬಿಗಿಯುತ್ತವೆ. ಒಲೆ ಊದುವ ಕೊಳವೆಗೆ ಬೂದಿ ಕಟ್ಟಿದರೆ ಗಾಳಿ ಹೇಗೆ ಹೋದೀತು? ಹಾಗೆಯೇ ಇದು. ಆ ಸುಂಯ್ ಶಬ್ದ ಅಲ್ಲಿಂದ ಬರುತ್ತದೆ.

ಒಲೆಯ ಹೊಗೆಯಂಥ ಮನೆಯೊಳಗಿನ ಕೆಟ್ಟ ಗಾಳಿಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 5 ವರ್ಷದೊಳಗಿನ ಮಕ್ಕಳೇ 2 ಲಕ್ಷಕ್ಕೂ ಹೆಚ್ಚು.

ಗ್ಯಾಸಿನಿಂದ ಏನೂ ತೊಂದರೆ ಇಲ್ಲ ಎಂದೇ ನಾನೂ ತಿಳಿದಿದ್ದೆ. ಕಟ್ಟಿಗೆಗಿಂತ ಗ್ಯಾಸ್ ಎಷ್ಟೋ ಮೇಲು. ಪಾತ್ರೆಗೆ ಮಸಿ ಹಿಡಿಯುವುದಿಲ್ಲ. ಆದರೆ ಉರಿಯ ಬಿಸಿಗೆ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಕಣ್ಣಿಗೆ ಕಾಣದು. ಅದು ಕೂಡ ಎದೆಯ ನಳಿಗೆಗಳನ್ನು ಕೆರಳಿಸುತ್ತದೆ. ಕಿಟಕಿ ತೆರೆದಿದ್ದರೆ ಹೊರಗೆ ಹೋಗುತ್ತದೆ, ಮುಚ್ಚಿದ್ದರೆ ಒಳಗೇ ಉಳಿಯುತ್ತದೆ. ಅಕ್ಕನ ಅಡುಗೆಮನೆಗೆ ಒಂದೇ ಕಿಟಕಿ. ಮಳೆ ಎರಚುತ್ತದೆಂದು ಅದಕ್ಕೂ ಗೋಣಿ ಕಟ್ಟಿದ್ದರು!

ಮೊದಲು ಆ ಗೋಣಿ ಬಿಚ್ಚಿದೆವು. ಹೊರಗಿನಿಂದ ಒಂದು ಶೀಟನ್ನು ಇಳಿಜಾರಾಗಿ ಕಟ್ಟಿದೆವು. ಎರಚಲು ನಿಂತಿತು, ಗಾಳಿ ಬಂತು. ಗ್ಯಾಸಿನ ಉರಿ ಹಳದಿಯಾಗಿತ್ತು. ಉರಿ ನೀಲಿ ಇರಬೇಕು. ಹಳದಿ ಎಂದರೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಬರ್ನರ್ ತಣಿದ ಮೇಲೆ ಅದರ ತೂತುಗಳನ್ನು ಬ್ರಶ್ಶಿನಲ್ಲಿ ಉಜ್ಜಿದೆವು.

ಕುಚ್ಚಲಕ್ಕಿಗೆ ಅಕ್ಕನೇ ಉಪಾಯ ಹುಡುಕಿದರು. ರಾತ್ರಿ ಅಕ್ಕಿ ನೆನೆಹಾಕುತ್ತಾರೆ. ಬೆಳಿಗ್ಗೆ ಗ್ಯಾಸಿನಲ್ಲಿ ಚೆನ್ನಾಗಿ ಕುದಿಸುತ್ತಾರೆ. ಪಾತ್ರೆಯ ಬಾಯಿ ಮುಚ್ಚಿ, ಬೈಹುಲ್ಲು ತುಂಬಿದ ಬುಟ್ಟಿಯಲ್ಲಿ ಹೂತಿಡುತ್ತಾರೆ. ಆ ಬಿಸಿಯಲ್ಲೇ ಅನ್ನ ಬೇಯುತ್ತದೆ. ಇದು ನನಗೆ ಹೊಳೆದಿರಲಿಲ್ಲ.

ಬಚ್ಚಲಿನ ಹಂಡೆಗೆ ಕಟ್ಟಿಗೆ ಬೇಕೇ ಬೇಕು. ಆ ಒಲೆಗೆ ಹೊಗೆ ಕೊಳವೆ ಇಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಗೂ ಇಂಥ ಕೊಳವೆ ಉಂಟು. ಕೊಳವೆ ಮಾಡಿನಿಂದ ಮೇಲಕ್ಕೆ ಹೋಗಬೇಕು. ಬೀಡಿ ಕಟ್ಟುವ ಗೆರಸೆ ಜಗಲಿಗೆ ಬಂತು, ಹೊಗೆಸೊಪ್ಪಿನ ಧೂಳೂ ಮಗುವಿಗೆ ಆಗದು. ಸೊಳ್ಳೆ ಬತ್ತಿ ಹೋಗಿ ಸೊಳ್ಳೆ ಪರದೆ ಬಂತು.

ಇಷ್ಟು ಮಾಡಿದರೂ ಮದ್ದು ಬಿಡಬಾರದು. ಬಾಯಿಯಿಂದ ಎಳೆಯುವ ಮದ್ದಿಗೆ ಇನ್‌ಹೇಲರ್ ಎನ್ನುತ್ತಾರೆ. "ಅದು ಚಟ ಆಗ್ತದಂತೆ" ಎಂದು ಅಕ್ಕನ ಅತ್ತೆ ಹೆದರಿದ್ದರು. ಚಟ ಆಗುವುದಿಲ್ಲ. ದಮ್ಮು ಅಂಟುರೋಗವೂ ಅಲ್ಲ. ಆದರೆ ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ, ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ತಡಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಹುಡುಗನ ದಮ್ಮು ಪೂರ್ತಿ ಹೋಗಿಲ್ಲ. ಚಳಿ ಬಂದಾಗ ಒಮ್ಮೊಮ್ಮೆ ಕೆಮ್ಮುತ್ತಾನೆ. ಆದರೆ ರಾತ್ರಿ ಮಲಗಿ ನಿದ್ದೆ ಮಾಡುತ್ತಾನೆ. ಕಿಟಕಿಯ ಆ ಗೋಣಿಯಲ್ಲಿ ಅಕ್ಕ ಈಗ ತೆಂಗಿನ ಸಿಪ್ಪೆ ಒಣಗಿಸಿ ತುಂಬಿಟ್ಟಿದ್ದಾರೆ, ಹಂಡೆಯ ಒಲೆಗೆ.